ದಾರಿಹೋಕರ ಮೂಗು

ಹುಮನಾಬಾದಿನ ಕಾರ್ಖಾನೆಗಳು ಕಾಣತೊಡಗುವ ತಿರುವಿನಲ್ಲಿತ್ತು ಆತನ ಚಹಾದಂಗಡಿ. ಅದರ ಮುಂದೆ ಒಂದು ನಾಯಿಯೂ ಇರಲಿಲ್ಲ, ಸಕ್ಕರೆಯ ಮೇಲೆ ಒಂದು ನೊಣವೂ ಇರಲಿಲ್ಲ. ಬಸವಕಲ್ಯಾಣದಿಂದ ಹೈದರಾಬಾದಿಗೆ ಹೊರಟಿದ್ದ ನಮ್ಮ ಕಾರು ನಿಂತಾಗ ಆತ ಎಷ್ಟು ಚಹಾ ಎಂದು ಕೇಳಲಿಲ್ಲ. ಕಿಟಕಿಗೆ ಬಗ್ಗಿ, ತನ್ನ ಮೂಗನ್ನು ಬೆರಳಿನಿಂದ ತಟ್ಟಿ, "ವಾಸನಿ ಬರಾಕತ್ತೈತೇನ್ರಿ?" ಎಂದ.

ವರ್ಷಗಟ್ಟಲೆ ಆ ಕಾರ್ಖಾನೆಗಳ ಗಾಳಿಯನ್ನೇ ಉಸಿರಾಡಿ ಆತನ ಮೂಗು ಸತ್ತಿತ್ತು. ಉಬ್ಬಸದ ಹೆಂಡತಿಯನ್ನು ಯಾವಾಗ ಹೊರಗೆ ಕೂರಿಸಬೇಕು, ಯಾವಾಗ ಒಳಗಿಟ್ಟು ಬಾಗಿಲು ಹಾಕಬೇಕು ಎಂಬುದನ್ನು ದಾರಿಹೋಕರನ್ನು ಕೇಳಿಯೇ ತಿಳಿಯುತ್ತಿದ್ದ.

ಕೊಳೆತ ತತ್ತಿಯಂಥ ನಾತ ನಮ್ಮ ಗಂಟಲಿಗೆ ಇಳಿಯುತ್ತಿತ್ತು. ಆದರೂ ಅಂಗಡಿಯವನ ಮುಂದೆ ನಾತದ ಮಾತೇಕೆ ಎಂಬ ಮರ್ಯಾದೆಯಿಂದ ಅಪ್ಪ, "ಏನಿಲ್ರಿ, ಚಹಾದ ಘಮ ಅಷ್ಟ" ಎಂದುಬಿಟ್ಟರು.

"ಹೊರಗ ಬಾ, ಹವಾ ಸಾಫ್ ಐತಂತ!" ಎಂದು ಆತ ಕೂಗಿದ.

"ನಿಮ್ಮ ಮೂಗು ಹೇಳಾಕತ್ತೈತೋ, ಅವರದೋ?" ಎಂದು ನಗುತ್ತ ಬಂದ ಆಕೆ ಕುರ್ಚಿ ಮುಟ್ಟುವ ಮೊದಲೇ ಕೆಮ್ಮಿ ಕುಸಿದಳು. ಅಪ್ಪನೂ ಆತನೂ ಸೇರಿ ಆಕೆಯನ್ನು ಒಳಗೆ ಮಲಗಿಸಿದರು. "ತಪ್ಪಾತ್ರಿ" ಎಂದರು ಅಪ್ಪ.

ಅಷ್ಟರಲ್ಲಿ ಕಾರ್ಖಾನೆಗಳ ತಪಾಸಣೆಯವರ ಜೀಪು ಬಂತು. ಆತ ಓಡಿಹೋಗಿ ಕೈ ಅಡ್ಡ ಹಿಡಿದು, ಮೂಗು ತಟ್ಟಿ, ಅದೇ ಪ್ರಶ್ನೆ ಕೇಳಿದ. ಒಳಗಿದ್ದ ಸಾಹೇಬರು ಆತನನ್ನೇ ನೋಡುತ್ತ, ಅರ್ಧ ಇಳಿದಿದ್ದ ಗಾಜನ್ನು ಪೂರ್ತಿ ಏರಿಸಿಕೊಂಡರು. ಜೀಪು ಹೋಯಿತು.

"ಉತ್ತರ ಕೊಡುವುದು ಅವರ ಕೆಲಸವಲ್ಲವೇನ್ರಿ?" ಎಂದು ನಾನು ಸಿಟ್ಟಿನಿಂದ ಕೇಳಿದೆ.

"ಕೊಟ್ರಲ್ರಿ, ಗಾಜು ಏರಿಸಿದ್ರು" ಎಂದು ಆತ ಬಾಗಿಲು ಮುಚ್ಚಿ, ಸಂದಿಗೆ ಹಸಿಬಟ್ಟೆ ತುರುಕತೊಡಗಿದ.