ಪ್ಯಾನೆಲ್ಲಿಗೊಂದು ದೃಷ್ಟಿಬೊಟ್ಟು

ಮರಾಠಿ ಸೀಮೆಯ ಭೋಸರಿಯಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಕರೆಂಟಿನ ಪ್ಯಾನೆಲ್ ಪೆಟ್ಟಿಗೆ ಮಾಡುತ್ತೇವೆ. ಅವನ್ನು ಪಾಸು ಮಾಡಲು ಗಿರಾಕಿ ಕಂಪನಿಯಿಂದ ಒಬ್ಬ ಸಾಹೇಬರು ಬರುತ್ತಾರೆ. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಒಮ್ಮೆ ಲೇಬಲ್ಲು ಕೂದಲೆಳೆಯಷ್ಟು ವಾರೆಯಾಗಿದೆ ಅಂತ ಮಾಲು ವಾಪಸ್. ಇನ್ನೊಮ್ಮೆ ಸ್ಕ್ರೂಗಳ ತಲೆಯ ಗೀರು ಒಂದೇ ದಿಕ್ಕಿಗಿಲ್ಲ ಅಂತ ವಾಪಸ್. ಇನ್ನೊಂದು ಸಲ ವಾಪಸಾದರೆ ಆರ್ಡರೇ ಕೈತಪ್ಪುತ್ತದೆ ಎಂದು ಮಾಲಕರು ನನಗೆ ಹೇಳಿಬಿಟ್ಟಿದ್ದರು.

ಆ ದಿನ ಸಾಹೇಬರು ಬರುವ ಮುಂಚೆ ವಿಜಾಪುರದ ಪೇಂಟರ್ ಬಸಣ್ಣ ಗ್ರೀಸಿನಲ್ಲಿ ಬೆರಳದ್ದಿ, ಫಳಫಳ ಹೊಳೆಯುವ ಬಾಗಿಲಿನ ಬಲಮೂಲೆಗೆ ಒಂದು ಕರಿಚುಕ್ಕೆ ಇಟ್ಟ. ನಾನು ಹೌಹಾರಿದೆ.

"ದೃಷ್ಟಿಬೊಟ್ಟು ರೀ. ಅವರ ಕಣ್ಣು ಇದರ ಮ್ಯಾಲ ಬಿತ್ತಂದ್ರ ಉಳಿದದ್ದೆಲ್ಲಾ ಪಾರಾಗ್ತದ."

ಹಾಗೇ ಆಯಿತು. ಸಾಹೇಬರು ಬಂದವರೇ ಚುಕ್ಕೆಗೆ ಬೆರಳು ತೋರಿಸಿ "ಹೇ ಕಾಯ್?", ಇದೇನು, ಎಂದು ಮರಾಠಿಯಲ್ಲಿ ಗದರಿದರು. ನಾನು ಓಡಿಹೋಗಿ ಒರೆಸಿದೆ. ಅವರ ಮುಖ ಅರಳಿತು. ಲೇಬಲ್ಲು, ಸ್ಕ್ರೂ ಯಾವುದನ್ನೂ ಕೇಳದೆ ಸಹಿ ಹಾಕಿದರು.

ಮರಾಠಿ ಸಾಹೇಬರಿಗೆ ಏನು ತಿಳಿಯಬೇಕು ಎಂಬ ಧೈರ್ಯದಲ್ಲಿ ಬಸಣ್ಣ ಕನ್ನಡದಲ್ಲಿ ಜೋರಾಗಿಯೇ ಅಂದ: "ಬೊಟ್ಟು ಭಾಳ ಕೆಲಸ ಮಾಡ್ತು ನೋಡ್ರಿ!"

ಹೊರಟಿದ್ದ ಸಾಹೇಬರು ನಿಂತರು.

"ನಮ್ಮದೂ ವಿಜಾಪುರನ ರೀ," ಅಂದರು, ಅಚ್ಚ ಕನ್ನಡದಲ್ಲಿ. "ದೃಷ್ಟಿಬೊಟ್ಟು ಎಡಗಲ್ಲಕ್ಕ ಇಡತಾರ. ನೀವು ಬಲಕ್ಕ ಇಟ್ಟೀರಿ. ಮುಂದಿನ ಸಲ ಸರಿ ಮಾಡ್ರಿ."

ಸಹಿ ಆಗಿಹೋಗಿತ್ತಲ್ಲ, ಹೋದ ಜೀವ ಬಂದಂತಾಯಿತು. ಈಗ ಪ್ರತಿ ಪ್ಯಾನೆಲ್ಲಿಗೂ ಎಡಗಡೆಗೇ ಬೊಟ್ಟು.

ಮೊನ್ನೆ ಬಂದ ಸಾಹೇಬರು, ಬೊಟ್ಟು ದುಂಡಗಿಲ್ಲ ಅಂದರು.