ರಷ್ಯಾ ಅಕ್ಕನ ಮನೆ

ಮಸ್ಕತ್ತಿನ ದಾರ್ಸೈಟ್‌ನ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿನವರನ್ನು ಎಲ್ಲರೂ ಕರೆಯುತ್ತಿದ್ದದ್ದು ರಷ್ಯಾ ಅಕ್ಕ ಎಂದು. ನಾನೂ ಹಾಗೇ ಕರೆದೆ. ಮೈಸೂರಿನಿಂದ ಮಸ್ಕತ್ತಿಗೆ ಬಂದ ಮೊದಲ ವಾರ, ಅಡುಗೆಯ ನಡುವೆ ಗ್ಯಾಸ್ ಮುಗಿದು, ಸಿಲಿಂಡರ್ ತರಿಸುವುದು ಹೇಗೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದೆ. ಎದುರು ಬಾಗಿಲು ತೆರೆದು ನೀಲಿ ಕಣ್ಣಿನ, ಬೆಳ್ಳಗಿನ ಹೆಂಗಸೊಬ್ಬರು, "ಎಂತ, ಗ್ಯಾಸ್ ಖಾಲಿಯಾ? ನಮ್ಮಲ್ಲಿ ಒಲೆ ಉಂಟಲ್ಲ, ಕುಕ್ಕರ್ ತಕೊಂಡು ಬನ್ನಿ" ಎಂದರು. ಆ ಮುಖಕ್ಕೂ ಆ ಮಾತಿಗೂ ಹೊಂದಿಸಿಕೊಳ್ಳಲಾಗದೆ ನಾನು ಕುಕ್ಕರ್ ಮರೆತು ಬರಿಗೈಯಲ್ಲೇ ಅವರ ಹಿಂದೆ ಹೋದೆ.

ಅವರ ಗಂಡ ಉಡುಪಿ ಕಡೆಯ ಡಾಕ್ಟರು, ರೂವಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಸೋವಿಯತ್ ಕಾಲದಲ್ಲಿ ಮೆಡಿಕಲ್ ಓದಲು ಹೋದವರು. ಹೋದದ್ದು ಉಕ್ರೇನಿಗೆ, ಆದರೆ ಆಗ ಅದೆಲ್ಲ ಒಂದೇ ದೇಶ, ಊರಿನವರ ಬಾಯಲ್ಲಿ ರಷ್ಯಾ. ಹುಡುಗ ರಷ್ಯಾಕ್ಕೆ ಹೋದ, ರಷ್ಯಾದ ಹುಡುಗಿಯನ್ನು ಕಟ್ಟಿಕೊಂಡು ಬಂದ. ಆಮೇಲೆ ಆ ದೇಶ ಒಡೆದು ನಕ್ಷೆ ಬದಲಾಯಿತು, ಉಡುಪಿಯಲ್ಲಿ ಸೊಸೆಯ ಹೆಸರು ಬದಲಾಗಲಿಲ್ಲ. ಅದೇ ಹೆಸರು ಗಂಡ ಹೆಂಡತಿಯ ಹಿಂದೆಯೇ ಮಸ್ಕತ್ತಿಗೂ ಬಂತು.

"ಸುರುವಿಗೆ ಎಲ್ಲರಿಗೂ ಹೇಳ್ತಿದ್ದೆ, ನಾನು ಉಕ್ರೇನಿನವಳು ಅಂತ," ಎಂದು ಅಕ್ಕ ಒಮ್ಮೆ ನಗುತ್ತಾ ಹೇಳಿದ್ದರು. "ಹೌದಾ, ಅದು ರಷ್ಯಾದಲ್ಲಿ ಎಲ್ಲಿ ಬರ್ತದೆ ಅಂತ ಕೇಳ್ತಾರೆ. ಮತ್ತೆ ಎಂತ ಹೇಳುದು? ಬಿಟ್ಟೆ."

ಅಕ್ಕನಿಗೆ ಇದ್ದದ್ದು ಒಬ್ಬಳೇ ತಂಗಿ. ಉಕ್ರೇನಿನಲ್ಲಿ, ನದಿ ದಡದ ಖೆರ್ಸೊನ್ ಎಂಬ ಊರಿನಲ್ಲಿ ಹೆರಿಗೆ ಆಸ್ಪತ್ರೆಯ ನರ್ಸು, ಮದುವೆ ಆಗಿರಲಿಲ್ಲ. ಯುದ್ಧಕ್ಕೆ ಮುಂಚೆ ಒಂದು ದೀಪಾವಳಿಗೆ ಮಸ್ಕತ್ತಿಗೆ ಬಂದಿದ್ದಳು. ಅವಳಿಗೆ ನನ್ನ ಮಾವಿನ ಹಣ್ಣಿನ ಬಣ್ಣದ ಮೈಸೂರು ರೇಷ್ಮೆ ಸೀರೆ ಉಡಿಸಿದ್ದು ನಾನೇ. ನೆರಿಗೆ ಹಿಡಿಯುವಾಗ ಕಚಗುಳಿ ತಾಳಲಾರದೆ ಬಿದ್ದು ಬಿದ್ದು ನಕ್ಕಳು. ಪತ್ರೊಡೆಯನ್ನು ಅನುಮಾನದಿಂದ ಮೂಸಿ ನೋಡಿ, ಆಮೇಲೆ ಪಾತ್ರೆಯ ತಳ ಕಾಣುವವರೆಗೆ ತಿಂದಳು. ಕೆಳಗೆ ಪಾರ್ಕಿಂಗಿನಲ್ಲಿ ದೀಪ ಹಚ್ಚುವಾಗ ಯಾರೋ ಅವಳ ಫೋಟೋ ತೆಗೆದರು. ಅವಳಿಗೆ ನಮ್ಮ ಭಾಷೆ ಬಾರದು, ನಮಗೆ ಅವಳದು ಬಾರದು. ಆದರೂ ಊರಿಗೆ ಹೋದ ಮೇಲೆ ಅಕ್ಕನಿಗೆ ವಿಡಿಯೊ ಕಾಲ್ ಮಾಡಿದಾಗಲೆಲ್ಲ ನನ್ನ ಮಗಳನ್ನು ಕರೆಸಿ ಕೈ ಬೀಸುತ್ತಿದ್ದಳು.

ರಷ್ಯಾ ಉಕ್ರೇನಿನ ಮೇಲೆ ಯುದ್ಧ ಶುರು ಮಾಡಿದ್ದು ಒಂದು ಗುರುವಾರ. ಇಲ್ಲಿ ಶುಕ್ರವಾರ, ಶನಿವಾರ ರಜೆಯಾದ್ದರಿಂದ ನಮ್ಮ ಕನ್ನಡಿಗರ ಕೂಟದ ಭಜನೆ ಗುರುವಾರ ಸಂಜೆಗೆ. ಅಂದು ಮಾವನ ಮನೆಯಲ್ಲಿತ್ತು. ಮಾವ ಎಂದರೆ ನನ್ನ ಮಾವ ಅಲ್ಲ, ನಮ್ಮ ಕೂಟದ ಹಿರಿಯರು. ಕುಂದಾಪುರದ ಕಡೆಯವರು, ಮತ್ರಾದ ಒಂದು ಅಂಗಡಿಯಲ್ಲಿ ಬಹುಕಾಲದಿಂದ ಮ್ಯಾನೇಜರು. ಕೊರೊನಾದ ದಿನಗಳಲ್ಲಿ ಕೆಲಸ ಕಳೆದುಕೊಂಡವರ ಬಾಗಿಲಿಗೆ ಅಕ್ಕಿ ಬೇಳೆ ಇಟ್ಟು, ಬೆಲ್ ಒತ್ತಿ, ಮುಖ ತೋರಿಸದೆ ಇಳಿದು ಹೋಗುತ್ತಿದ್ದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವರ ಮೇಲೆ ನನಗೆ ಸಿಟ್ಟು ಬರಲಿದೆ.

ಭಜನೆ ಮುಗಿದು ಊಟಕ್ಕೆ ಕೂತಿದ್ದೆವು. ಅಕ್ಕ ಪಾಯಸ ಬಡಿಸುತ್ತಿದ್ದರು. ಬೆಳಗಿನಿಂದ ತಂಗಿಯ ಫೋನಿಗೆ ಕಾದು ಅವರ ಮುಖ ಬಾಡಿತ್ತು. ಮಾವ ಅದನ್ನು ಗಮನಿಸಿದರು. ಒಳ್ಳೆಯ ಮನುಷ್ಯ, ಸುಮ್ಮನಿರಲು ಆಗಲಿಲ್ಲ.

"ಹೆದರುದು ಬೇಡ ಅಕ್ಕ," ಎಂದರು ಎಲ್ಲರಿಗೂ ಕೇಳುವಂತೆ. "ನಮ್ಮ ಭಾರತ ಯಾವತ್ತಿಗೂ ನಿಮ್ಮ ಬದಿಗೆ. ಅಮೆರಿಕಾದವರು ಎಂತ ಮಾಡ್ತಾರೆ? ಒಂದು ವಾರ ಸಾಕು, ಗೆಲ್ಲುದು ನಿಮ್ಮವರೇ."

ನಾಲ್ಕಾರು ಗಂಡಸರು ಚಪ್ಪಾಳೆ ತಟ್ಟಿದರು. ಅಕ್ಕನ ಸೌಟು ನನ್ನ ಲೋಟದ ಮೇಲೆ ಹಾಗೇ ನಿಂತಿತು.

"ಬಾಂಬ್ ಬಿದ್ದದ್ದು ನನ್ನ ತಂಗಿಯ ಊರಿಗೆ," ಎಂದರು.

ಡಾಕ್ಟರು ಎಲೆ ನೋಡುತ್ತಾ ಕೂತಿದ್ದರು. ಮಾವ, "ಅಯ್ಯೋ ದೇವರೇ, ಹೌದಾ? ಅಂದರೆ ನೀವು ಆಚೆ ಬದಿಯವರಾ?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎಷ್ಟೋ ವರ್ಷ ಅಕ್ಕನ ಕೈಯ ನೀರುದೋಸೆ ತಿಂದ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಗೊತ್ತಾದ ಮೇಲಾದರೂ ಸುಮ್ಮನಿರಬಹುದಿತ್ತು. ಇಲ್ಲ. ಅಲ್ಲಿಯವರೆಗೆ ಅಕ್ಕನ ಹತ್ತಿರ ಉಪ್ಪಿನಕಾಯಿ ಹದ ಕೇಳುತ್ತಿದ್ದವರು ಈಗ ನ್ಯಾಟೋ ಬಗ್ಗೆ ಉತ್ತರ ಕೇಳತೊಡಗಿದರು. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ದೇವಸ್ಥಾನದ ಎದುರು ಚಪ್ಪಲಿ ಬಿಡುವ ಕಡೆ. ಒಂದು ಶುಕ್ರವಾರ ಮವಾಲೇಹ್‌ನ ತರಕಾರಿ ಮಾರುಕಟ್ಟೆಗೆ ನಾವಿಬ್ಬರೂ ಹೋಗಿದ್ದೆವು. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ಬೆಂಗಳೂರಿನ ಪರಿಚಯದವರೊಬ್ಬರು, "ನೋಡಿ ಮೇಡಂ, ತಪ್ಪು ನಿಮ್ಮವರದೇ. ಅಷ್ಟು ದೊಡ್ಡ ದೇಶದ ಪಕ್ಕ ಇದ್ದುಕೊಂಡು ವೆಸ್ಟಿನವರ ಮಾತು ಕೇಳಬಾರದಿತ್ತು" ಎಂದು ಅಕ್ಕನಿಗೆ ಪಾಠ ಹೇಳಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಇವರ ತಂಗಿ ನೆಲಮಾಳಿಗೆಯಲ್ಲಿ ಕೂತಿದ್ದಾಳೆ ಕಣ್ರೀ. ಅವಳು ಯಾವ ನ್ಯಾಟೋಗೂ ಅರ್ಜಿ ಹಾಕಿಲ್ಲ" ಎಂದೆ.

"ನೀವು ಎಮೋಷನಲ್ ಆಗ್ತೀರಾ," ಎಂದು ಆತ ಬೆಂಡೆಕಾಯಿ ತೂಕಕ್ಕೆ ಹಾಕಿಸಿದರು.

ನಮ್ಮ ಆಫೀಸಿನಲ್ಲಿ ಇದರ ತಿರುಗುಮುರುಗು. ಮ್ಯಾನೇಜರ್ ಇಂಗ್ಲೆಂಡಿನವರು. ಯುದ್ಧ ಶುರುವಾದ ವಾರವೇ ತಮ್ಮ ಇಮೇಲಿನ ಕೆಳಗೆ ಉಕ್ರೇನಿನ ನೀಲಿ ಹಳದಿ ಬಾವುಟ ಅಂಟಿಸಿಕೊಂಡರು. ನಮಗೂ ಅಂಟಿಸಿಕೊಳ್ಳಲು ಹೇಳಿದರು. ನಾನು ಸಂತೋಷದಿಂದಲೇ ಅಂಟಿಸಿದೆ. ಪಕ್ಕದ ಮೇಜಿನ ಒಮಾನಿ ಗೆಳತಿ ಅಂಟಿಸಲಿಲ್ಲ. "ಯಮನ್ ನಮ್ಮ ಗೋಡೆಯಾಚೆ ಇದೆ. ಅದಕ್ಕೆ ಯಾರೂ ಬಾವುಟ ಹಾಕಲಿಲ್ಲ. ಫಲಸ್ತೀನಿನ ಹೆಸರೆತ್ತಿದಾಗ ಇದೇ ಮನುಷ್ಯ, ಆಫೀಸಿನಲ್ಲಿ ರಾಜಕೀಯ ಬೇಡ ಅಂದಿದ್ದರು," ಎಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ನಾನು ಅಕ್ಕನ ತಂಗಿಯ ವಿಷಯ ಹೇಳಿದೆ. ಅವಳ ಕಣ್ಣು ಒದ್ದೆಯಾಯಿತು. "ವಲ್ಲಾ, ದೇವರಾಣೆ, ಪಾಪ. ಆದರೆ..." ಎಂದಳು.

ಯುದ್ಧದ ಆ ಮೂರು ವರ್ಷ ನಾನು ಕೇಳಿದ್ದೆಲ್ಲ ಈ 'ಆದರೆ'. ಪ್ರತಿಯೊಬ್ಬರ ಬಳಿಯೂ ಒಂದು ಸರಿಯಾದ ಮಾತಿತ್ತು. ಪಶ್ಚಿಮದವರ ಇಬ್ಬಗೆ ನೀತಿ ಹೌದು, ರಷ್ಯಾದ ಜೊತೆ ಭಾರತದ ಹಳೆಯ ಸ್ನೇಹ ಹೌದು, ಅಲ್ಲಿಯ ಸೋವಿ ತೈಲ ಬೇಕಾದದ್ದೂ ಹೌದು. ಅಷ್ಟು ಸರಿಯಾದ ಮಾತುಗಳನ್ನು ಗುಡ್ಡೆ ಹಾಕಿದರೂ ಒಬ್ಬ ನರ್ಸನ್ನು ನೆಲಮಾಳಿಗೆಯಿಂದ ಮೇಲೆ ಕರೆತರಲು ಸಾಲುತ್ತಿರಲಿಲ್ಲ. ಮ್ಯಾನೇಜರರ ಬಾವುಟವೂ ಒಂದು ದಿನ ಸದ್ದಿಲ್ಲದೆ ಹೋಯಿತು. ಆ ಜಾಗದಲ್ಲಿ ಕಂಪನಿಯ ವಾರ್ಷಿಕೋತ್ಸವದ ಚಿತ್ರ ಬಂತು.

ಅಕ್ಕ ಮಾತ್ರ ಪಶ್ಚಿಮವನ್ನು ನಂಬಿ ಕೂತಿದ್ದರು. ಮದುವೆ ಊಟದಲ್ಲಿ ಕೊನೆಯ ಸಾಲಿನಲ್ಲಿ ಕೂತವರು ಬಡಿಸುವವರ ದಾರಿ ನೋಡುವ ಹಾಗೆ ಟಿವಿ ನೋಡುತ್ತಿದ್ದರು. "ಟ್ಯಾಂಕ್ ಕೊಡ್ತಾರಂತೆ. ಇಲ್ಲ, ಈಗ ಕೊಡುದಿಲ್ಲವಂತೆ. ಮೀಟಿಂಗ್ ಉಂಟಂತೆ," ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಅಷ್ಟರಲ್ಲಿ ತಂಗಿಯ ಊರನ್ನು ರಷ್ಯಾದ ಸೈನಿಕರು ಹಿಡಿದಾಗಿತ್ತು. ಇದು ಇನ್ನು ಮೇಲೆ ರಷ್ಯಾ ಎಂದು ಘೋಷಿಸಿಯೂ ಆಯಿತು. ಅದಾಗಿ ಕೆಲವೇ ವಾರಗಳಲ್ಲಿ ಆ ಸೈನಿಕರು ನದಿ ದಾಟಿ ಹಿಂದೆ ಹೋಗಬೇಕಾಯಿತು. ಆ ದಿನ ಅಕ್ಕ ಹೋಳಿಗೆ ಮಾಡಿ ಎಲ್ಲ ಫ್ಲ್ಯಾಟುಗಳಿಗೂ ಹಂಚಿದರು. "ಏನು ವಿಶೇಷ?" ಎಂದು ಕೇಳಿದವರಿಗೆ, "ತಂಗಿಯ ಊರು ಬಿಡುಗಡೆ ಆಯ್ತು" ಎಂದರು. ಮೂರನೇ ಮಹಡಿಯ ಮಕ್ಕಳು "ಕಂಗ್ರಾಟ್ಸ್ ಆಂಟಿ" ಎಂದು ಹೋಳಿಗೆ ಇಸಿದುಕೊಂಡರು. ಅಷ್ಟು ಸಂಭ್ರಮದಲ್ಲಿ ಅವರನ್ನು ಮತ್ತೆ ನಾನು ನೋಡಲಿಲ್ಲ.

ಹಿಂದೆ ಹೋದವರು ಬಹಳ ದೂರವೇನೂ ಹೋಗಲಿಲ್ಲ. ಆಚೆ ದಡದಲ್ಲಿ ನಿಂತು ಈಚೆ ದಡಕ್ಕೆ ಗುಂಡು ಹಾರಿಸತೊಡಗಿದರು. ಡಾಕ್ಟರು ನಾದಿನಿಗೆ ಒಮಾನಿನ ವೀಸಾ ಮಾಡಿಸಿದರು, ಅದರ ಅವಧಿ ಮುಗಿಯಿತು, ಮತ್ತೊಮ್ಮೆ ಮಾಡಿಸಿದರು. ಅವಳು ಬರಲೊಲ್ಲಳು. ಒಂದು ಸಂಜೆ ನನ್ನೆದುರೇ ಅಕ್ಕ ಫೋನಿನಲ್ಲಿ ಅವಳನ್ನು ಬೈದು, ಅತ್ತು, ಕೊನೆಗೆ ಫೋನ್ ಇಟ್ಟು ಹೇಳಿದರು: "ಹೆರುವವರು ಹೆರುದನ್ನು ನಿಲ್ಲಿಸಿಲ್ಲ, ನಾನು ಹೇಗೆ ಬರ್ಲಿ ಅಂತ ಕೇಳ್ತಾಳೆ. ನೀವೇ ಹೇಳಿ, ನಾನು ಎಂತ ಹೇಳ್ಲಿ?"

ಆ ಹೊತ್ತಿಗೆ ಉಳಿದವರು ತಂಗಿಯ ಸುದ್ದಿ ಕೇಳುವುದನ್ನೇ ಬಿಟ್ಟಿದ್ದರು. ಟಿವಿಯಲ್ಲಿ ಗಾಜಾದ ಮಕ್ಕಳು ಬಂದಿದ್ದರು. ನಾವೆಲ್ಲ ಅದನ್ನು ನೋಡಿ ಚಡಪಡಿಸುತ್ತಿದ್ದೆವು. ಅಕ್ಕನೂ ನೋಡಿ ಅಳುತ್ತಿದ್ದರು. ಮನುಷ್ಯನ ಎದೆಯಲ್ಲಿ ಒಂದು ಹೊತ್ತಿಗೆ ಒಂದೇ ಯುದ್ಧಕ್ಕೆ ಜಾಗವೇನೋ ಎಂದು ಅನ್ನಿಸಿ ನನಗೆ ನಮ್ಮೆಲ್ಲರ ಮೇಲೆ ಹೇಸಿಗೆಯಾಯಿತು.

ತಂಗಿ ಸತ್ತದ್ದು ಆಸ್ಪತ್ರೆಯಲ್ಲಿ ಅಲ್ಲ, ನೆಲಮಾಳಿಗೆಯಲ್ಲೂ ಅಲ್ಲ. ಪಾಳಿ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಡ್ರೋನ್ ಒಂದು ಬಂದು ಬಿತ್ತಂತೆ. ಜೊತೆಯ ನರ್ಸು ಅಕ್ಕನಿಗೆ ಫೋನ್ ಮಾಡಿ ತಿಳಿಸಿದಳು. ಡಾಕ್ಟರು ಬಂದು ನಮ್ಮ ಬಾಗಿಲು ತಟ್ಟಿದಾಗ ನನ್ನ ಕೈಯಲ್ಲಿ ದೋಸೆ ಹಿಟ್ಟಿತ್ತು. ತೊಳೆಯದೆ ಹಾಗೇ ಓಡಿದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಅವರದೇ ಭಾಷೆಯಲ್ಲಿ ಏನೋ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಎಲ್ಲರ ಜೊತೆ ನಮ್ಮ ಭಾಷೆಯಲ್ಲೇ ಬದುಕಿದ ಹೆಂಗಸು. ಆ ಒಂದು ಮಾತು ಏನೆಂದು ತಿಳಿಯುವವರು ಅಲ್ಲಿ ಡಾಕ್ಟರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಮಾವ ಆ ಸಂಜೆಯೇ ವ್ಯವಸ್ಥೆ ಮಾಡಿದರು. ಇಂದು ಇವರ ಮನೆಯಿಂದ ಅನ್ನ ಸಾರು, ನಾಳೆ ಅವರ ಮನೆಯಿಂದ ಗಂಜಿ. ನಮ್ಮವರು ಇಂಥದರಲ್ಲಿ ಎತ್ತಿದ ಕೈ. ಮೂರು ವರ್ಷ ವಾದ ಮಾಡಿದವರೆಲ್ಲ ತಲೆ ತಗ್ಗಿಸಿ ಬಂದು ಕೂತರು. ಬೆಂಡೆಕಾಯಿಯವರು ಕೂಡ ಬಂದರು. ಬಂದ ಸ್ವಲ್ಪ ಹೊತ್ತಿಗೆ ಹೊರಗೆ ಹಾಲ್‌ನಲ್ಲಿ ಗಂಡಸರ ದನಿ ಏರಿತು. ಅಮೆರಿಕ ಈಗ ಕೈ ಬಿಡುತ್ತದೆ, ಒಂದಿಷ್ಟು ಜಾಗ ಕೊಟ್ಟು ರಾಜಿ ಆಗುವುದೇ ಒಳ್ಳೆಯದು ಎಂದು ಯಾರೋ ಹೇಳುವುದು ಒಳಗೆ ಕೇಳಿಸಿತು. ನಾನು ಎದ್ದು ಬಾಗಿಲು ಹಾಕಿದೆ.

ಮರುದಿನ ಬೆಳಿಗ್ಗೆ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಕಾರ್ಡು ಬಂತು. ನಮ್ಮಲ್ಲಿ ಯಾರು ಸತ್ತರೂ ಒಂದು ಕಾರ್ಡು ಬರುತ್ತದೆ: ಮೂಲೆಯಲ್ಲಿ ಉರಿಯುವ ದೀಪ, ಕೆಳಗೆ ಕಮಲ, ನಡುವೆ ಫೋಟೋ. ಫೋಟೋದಲ್ಲಿ ಆ ದೀಪಾವಳಿಯ ತಂಗಿ, ನನ್ನ ಮಾವಿನ ಹಣ್ಣಿನ ಬಣ್ಣದ ಸೀರೆಯಲ್ಲಿ ನಗುತ್ತಿದ್ದಳು. ಅದರ ಕೆಳಗೆ ದಪ್ಪ ಕನ್ನಡ ಅಕ್ಷರ: "ಭಾವಪೂರ್ಣ ಶ್ರದ್ಧಾಂಜಲಿ. ನಮ್ಮೆಲ್ಲರ ಪ್ರೀತಿಯ ರಷ್ಯಾ ಅಕ್ಕನವರ ಸಹೋದರಿ ರಷ್ಯಾದಲ್ಲಿ ನಿಧನರಾದರು." ಕೆಳಗೆ ಸಾಲು ಸಾಲಾಗಿ ಮುಗಿದ ಕೈಗಳು, ಓಂ ಶಾಂತಿ.

ನಾನು ಮಾವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಕೂಗಾಡಿದೆ.

"ಅಯ್ಯೋ, ತಪ್ಪಾಯ್ತು ಮಾರಾಯ್ತಿ. ಬೆಳಿಗ್ಗೆ ಎದ್ದು ನಾನೇ ಕೂತು ಮಾಡಿದ್ದು, ಬಾಯಿಗೆ ರೂಢಿಯಾದದ್ದು ಕೈಗೆ ಬಂತು," ಎಂದರು. "ಈಗ ತೆಗಿತೇನೆ. ಆದರೆ ದುಬೈ, ಕತಾರ್ ಗುಂಪಿಗೆಲ್ಲ ಹೋಗಿ ಆಯ್ತು. ಅಕ್ಕನಿಗೆ ಹೇಗೂ ಕನ್ನಡ ಓದ್ಲಿಕ್ಕೆ ಬರುದಿಲ್ಲ ಅಲ್ವಾ?"

ಅಕ್ಕನಿಗೆ ಕನ್ನಡ ಓದಲು ಬರುತ್ತಿತ್ತು. ಉಡುಪಿಯಲ್ಲಿ ಅತ್ತೆಯ ಭಜನೆ ಪುಸ್ತಕದಿಂದ ಅಕ್ಷರ ಕಲಿತಿದ್ದರು. ಗುರುವಾರ ಗುರುವಾರ ಅವರು ಪುಸ್ತಕ ಹಿಡಿದು ಕೂರುತ್ತಿದ್ದದ್ದನ್ನು ಎಲ್ಲರೂ ನೋಡಿದ್ದರು. ಸುಮ್ಮನೆ ಹಿಡಿದಿದ್ದಾರೆ ಎಂದುಕೊಂಡಿದ್ದರು.

ನಾನು ಹೋದಾಗ ಅಕ್ಕ ಸೋಫಾದ ಮೇಲೆ ಕೂತಿದ್ದರು. ಡಾಕ್ಟರು ಮಲಗಿದ್ದರು. ಫೋನು ಅಕ್ಕನ ಮಡಿಲಲ್ಲಿತ್ತು, ಕಾರ್ಡು ತೆರೆದಿತ್ತು. ನಾನು ಪಕ್ಕದಲ್ಲಿ ಕೂತೆ. ಅವರು ಬೆರಳಿಟ್ಟು, ಒಂದೊಂದೇ ಪದ ಬಿಡಿಸಿ, ಸಣ್ಣ ದನಿಯಲ್ಲಿ ಓದಿದರು.

"ಫೋಟೋ ಚಂದ ಬಂದಿದೆ," ಎಂದರು. "ನಿಮ್ಮ ಸೀರೆ."

"ಮಾವನಿಗೆ ಹೇಳಿದೀನಿ ಅಕ್ಕ. ತೆಗೀತಾರೆ. ಗೊತ್ತಾಗದೆ ಮಾಡಿದ್ದು ಅದು."

"ಗೊತ್ತುಂಟು. ಅವರಿಗೆ ನನ್ನ ಮೇಲೆ ಪ್ರೀತಿ ಉಂಟು." ಅವರ ಬೆರಳು ಆ ಕೊನೆಯ ಸಾಲಿನ ಮೇಲೆಯೇ ಇತ್ತು. "ಆದರೆ ಬಾಂಬ್ ಹಾಕುವವರು ಹೇಳುದು ಕೂಡ ಇದನ್ನೇ ಅಲ್ವಾ? ಈ ಊರು ರಷ್ಯಾ ಅಂತ. ಅಲ್ಲ ಅಂದದ್ದಕ್ಕೇ ಅವಳನ್ನು ಕೊಂದದ್ದು."

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ನಾನು ಏಳುವ ಮೊದಲೇ ಅಕ್ಕ ಕಣ್ಣೊರೆಸಿಕೊಂಡು ಹೋಗಿ ಬಾಗಿಲು ತೆರೆದರು. ಆಚೆ ಗಂಡ ಹೆಂಡತಿ ಇಬ್ಬರು, ಹೊಸಬರು. ಸೀಬ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದರು. ಆಕೆಯ ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಸಾರಿನ ಪಾತ್ರೆ.

"ರಷ್ಯಾ ಅಕ್ಕನ ಮನೆ ಇದೇ ಅಲ್ವಾ?" ಎಂದು ಆಕೆ ಮೆಲ್ಲಗೆ ಕೇಳಿದರು.

ಅಕ್ಕ ಪಾತ್ರೆಗೆ ಎರಡೂ ಕೈ ಚಾಚಿದರು.

"ಹೌದು, ಇದೇ," ಎಂದರು. "ಒಳಗೆ ಬನ್ನಿ."