ಪಕ್ಕದ ಹಾಲ್‌ನ ಗಾಯಕರಿಗೆ ನಮ್ಮ ಶಾಲು

ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟ ಮೇಲೆ ಸೂಟು ತೊಟ್ಟಿದ್ದ ಆ ಹಿರಿಯರು ಮೆಲ್ಲಗೆ ಇಂಗ್ಲಿಷಿನಲ್ಲಿ, "ನಾನು ನಿಮ್ಮ ಅತಿಥಿ ಅಲ್ಲ, ಪಕ್ಕದ ಹಾಲ್‌ನಲ್ಲಿ ಹಾಡೋಕೆ ಬಂದವನು" ಎಂದರು.

ಮೆಲ್ಬರ್ನ್‌ನ ಟ್ರುಗನಿನಾ ಬಡಾವಣೆಯ ಕಮ್ಯುನಿಟಿ ಸೆಂಟರ್‌ನಲ್ಲಿ ಅಂದು ನಮ್ಮ ರಾಜ್ಯೋತ್ಸವ. ಬಾಗಿಲಲ್ಲಿ ನಿಂತಿದ್ದವರನ್ನು ಮುಖ್ಯ ಅತಿಥಿ ಕೌನ್ಸಿಲರ್ ಎಂದುಕೊಂಡು ವೇದಿಕೆಗೆ ಕರೆತಂದಿದ್ದೆವು. ಅವರು ಬ್ರಿಟನ್ನಿನ ಪಾಪ್ ಗಾಯಕರು. ಒಂದು ಕಾಲಕ್ಕೆ ಸ್ಟೇಡಿಯಂ ತುಂಬಿಸುತ್ತಿದ್ದವರು, ಈಗ ಸಿಡ್ನಿ, ಮೆಲ್ಬರ್ನ್‌ನ ಸಬರ್ಬ್‌ಗಳ ಸಣ್ಣ ಹಾಲ್‌ಗಳಲ್ಲಿ ಹಾಡುತ್ತಾರಂತೆ.

ನಾವು ನಾಚಿಕೆಯಿಂದ ಕ್ಷಮೆ ಕೇಳತೊಡಗಿದೆವು. ಅಡುಗೆಯ ಉಸ್ತುವಾರಿಯ ಸರೋಜಾ ಆಂಟಿ ಮಾತ್ರ, "ಯಾರಾದ್ರೇನ್ರೋ, ಮುಖ ನೋಡಿ ಎಷ್ಟು ಬಾಡಿದೆ! ಊಟ ಆಯ್ತಾ ಕೇಳಿ ಮೊದ್ಲು" ಎಂದು ಗದರಿದರು.

ಕೇಳಿದೆ. ಆಗಿರಲಿಲ್ಲ. ಬಿಸಿಬೇಳೆಬಾತಿನ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ತಟ್ಟೆ ಖಾಲಿ ಮಾಡಿದ ಅವರು, "ಹೋದಲ್ಲೆಲ್ಲ ಅದೇ ಒಂದು ಹಳೆ ಹಾಡು ಕೇಳ್ತಾರೆ. ಊಟ ಆಯ್ತಾ ಅಂತ ಯಾರೂ ಕೇಳಲ್ಲ" ಎಂದರು. ಪೇಟ ತೆಗೆದುಕೊಟ್ಟು ಹೊರಟರು. ಶಾಲನ್ನು ವಾಪಸು ಕೇಳಲು ನಮಗೆ ಮನಸ್ಸಾಗಲಿಲ್ಲ. ತಡವಾಗಿ ಬಂದ ಕೌನ್ಸಿಲರ್‌ಗೆ ಪೇಟವಷ್ಟೇ ಸಿಕ್ಕಿತು.

ಕಾರ್ಯಕ್ರಮ ಮುಗಿದು ಕುರ್ಚಿ ಮಡಚಿಡುವಾಗ ಪಕ್ಕದ ಹಾಲ್‌ಗೆ ಇಣುಕಿದೆ. ಅರ್ಧಕ್ಕರ್ಧ ಖಾಲಿ. ಯಾರೋ ಕೂಗಿ ಕೇಳಿದ ಆ ಹಳೆಯ ಹಾಡನ್ನೇ ಅವರು ದಣಿದ ದನಿಯಲ್ಲಿ ಹಾಡುತ್ತಿದ್ದರು. ಸೂಟಿನ ಮೇಲೆ ನಮ್ಮ ಶಾಲು ಹಾಗೇ ಇತ್ತು.